ಹೊಸ ಸ್ತನಕ್ಕೆ ರಕ್ತ ಎಲ್ಲಿಂದ?

ಆಪರೇಷನ್ ಥಿಯೇಟರಿನ ಒಂದೇ ಮೇಜಿನ ಬಳಿ ಎರಡು ತಂಡಗಳು ಕೆಲಸ ಮಾಡುತ್ತಿರುತ್ತವೆ. ಒಂದು ತಂಡ ಹೊಕ್ಕುಳಿನ ಕೆಳಗಿನ ಚರ್ಮ ಮತ್ತು ಕೊಬ್ಬನ್ನು ಬಿಡಿಸುತ್ತದೆ. ಅದಕ್ಕೆ ರಕ್ತ ತರುವ ಸಣ್ಣ ನಾಳವನ್ನು ಹೊಟ್ಟೆಯ ಸ್ನಾಯುವಿನ ಎಳೆಗಳ ನಡುವೆ ಹಿಂಬಾಲಿಸುತ್ತಾ ತೊಡೆಸಂದಿಯ ಕಡೆಗೆ ಇಳಿಯುತ್ತದೆ. ಇನ್ನೊಂದು ತಂಡ ಸ್ತನ ತೆಗೆದು ಖಾಲಿಯಾದ ಎದೆಯ ಮೇಲೆ, ಎದೆಮೂಳೆಯ ಪಕ್ಕದ ಮೂರನೆಯ ಪಕ್ಕೆಲುಬಿನ ಹತ್ತಿರ ಹುಡುಕುತ್ತಿರುತ್ತದೆ. ಅಲ್ಲಿ ಸಿಗಬೇಕಾದದ್ದು ಎರಡು, ಎರಡೂವರೆ ಮಿಲಿಮೀಟರ್ ದಪ್ಪದ ಒಂದು ಅಪಧಮನಿ, ಅದರ ಮಗ್ಗುಲಲ್ಲೇ ಇರುವ ಒಂದು ಅಭಿಧಮನಿ. ಎರಡೂ ಸಿಕ್ಕಿ, ಎರಡೂ ಆರೋಗ್ಯವಾಗಿವೆ ಎಂದು ಖಾತ್ರಿಯಾಗುವವರೆಗೆ ಹೊಟ್ಟೆಯ ಕಡೆಯವರು ತಮ್ಮ ನಾಳಕ್ಕೆ ಕತ್ತರಿ ಹಾಕುವುದಿಲ್ಲ. ಹಾಕಿದ ಕ್ಷಣದಿಂದ ಆ ತುಂಡಿಗೆ ರಕ್ತವಿಲ್ಲ, ಗಡಿಯಾರ ಶುರು.

ಕ್ಯಾನ್ಸರ್ ಬಂದರೆ ಸ್ತನ ತೆಗೆಯುತ್ತಾರೆ ಎಂಬುದು ಈಗ ಹಳ್ಳಿಗಳಲ್ಲೂ ಗೊತ್ತಿರುವ ಸಂಗತಿ. ತೆಗೆದ ಜಾಗದಲ್ಲಿ ಅದೇ ಹೆಣ್ಣುಮಗಳ ಹೊಟ್ಟೆಯ ಕೊಬ್ಬಿನಿಂದ ಹೊಸದೊಂದನ್ನು ಕಟ್ಟಬಹುದು ಎಂಬ ಮಾತೂ ಹಲವರ ಕಿವಿಗೆ ಬಿದ್ದಿದೆ. ಆದರೆ ಆಕಾರ ಕೊಡುವುದು ಈ ಕೆಲಸದ ಕೊನೆಯ ಹಂತ. ಅದಕ್ಕೂ ಮೊದಲು, ಎದೆಯ ಯಾವ ನಾಳದಿಂದ ರಕ್ತ ಪಡೆಯುವುದು ಎಂಬ ತೀರ್ಮಾನ ಆಗಬೇಕು. ಕಟ್ಟಿದ್ದು ಬದುಕುವುದೋ ಬಾಡುವುದೋ ಅದರ ಮೇಲೆ ನಿಂತಿದೆ. ಆ ತೀರ್ಮಾನಕ್ಕೆ ಬೇಕಾದ ಮಾಹಿತಿಯ ದೊಡ್ಡ ಪಾಲು ಥಿಯೇಟರಿನಲ್ಲಿ ಇರುವುದಿಲ್ಲ, ರೋಗಿಯ ಹಳೆಯ ಫೈಲಿನಲ್ಲಿ ಇರುತ್ತದೆ.

ಅಂತರಸಂತೆಯಿಂದ ಮೈಸೂರಿಗೆ

2022ರಲ್ಲಿ ಭಾರತದಲ್ಲಿ ಹೊಸದಾಗಿ ಪತ್ತೆಯಾದ ಸ್ತನ ಕ್ಯಾನ್ಸರ್ ಪ್ರಕರಣಗಳು ಸುಮಾರು 1.9 ಲಕ್ಷ ಎಂಬುದು ಅಂತರರಾಷ್ಟ್ರೀಯ ಅಂದಾಜು. ಪಶ್ಚಿಮದ ದೇಶಗಳಿಗೆ ಹೋಲಿಸಿದರೆ ಇಲ್ಲಿನ ಹೆಂಗಸರಿಗೆ ಈ ರೋಗ ಸುಮಾರು ಒಂದು ದಶಕ ಮೊದಲೇ ಬರುತ್ತದೆ. ನಲವತ್ತರ, ಐವತ್ತರ ಆಸುಪಾಸಿನಲ್ಲಿ, ಹೊಲದ ಕೆಲಸ, ಮಕ್ಕಳ ಓದು, ಮದುವೆ ಎಲ್ಲ ತಲೆಯ ಮೇಲಿರುವಾಗಲೇ ಗಂಟು ಕೈಗೆ ಸಿಗುತ್ತದೆ. ಚಿಕಿತ್ಸೆಯ ನಂತರ ಅವರ ಮುಂದೆ ಹಲವು ದಶಕಗಳ ಬದುಕು ಇರುತ್ತದೆ. ಸ್ತನದ ಮರುನಿರ್ಮಾಣವನ್ನು ಶೋಕಿಯ ಮಾತೆಂದು ತಳ್ಳಿಹಾಕುವವರು ಈ ವಯಸ್ಸಿನ ಲೆಕ್ಕವನ್ನು ಒಮ್ಮೆ ನೋಡಬೇಕು.

ಎಚ್.ಡಿ. ಕೋಟೆ ದಾಟಿ ಕಬಿನಿ ಹಿನ್ನೀರಿನ ಕಡೆಗೆ ಹೋಗುವ ದಾರಿಯಲ್ಲಿರುವ ಅಂತರಸಂತೆಯಂಥ ಊರಿನಿಂದ ಹೊರಟ ರೋಗಿಗೆ ಎಲ್ಲ ಚಿಕಿತ್ಸೆಯೂ ಒಂದೇ ಸೂರಿನಡಿ ಸಿಗುವುದು ಅಪರೂಪ. ಗಂಟಿನ ಪರೀಕ್ಷೆ ಒಂದು ಕಡೆ, ಆಪರೇಷನ್ ಮೈಸೂರಿನಲ್ಲಿ, ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸುವುದು ಇನ್ನೊಂದು ಕಡೆ. ಕೆಲವರು 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯವರೆಗೂ ಹೋಗುತ್ತಾರೆ. ಒಂದೆರಡು ವರ್ಷ ಕಳೆದ ಮೇಲೆ ಸ್ತನ ಕಟ್ಟಿಸಿಕೊಳ್ಳುವ ಯೋಚನೆ ಬಂದಾಗ ಎದುರಿಗೆ ಕೂತ ಪ್ಲಾಸ್ಟಿಕ್ ಸರ್ಜನ್‌ಗೆ ಹಿಂದಿನ ಯಾವ ಹಂತವೂ ಕಣ್ಣಾರೆ ಕಂಡದ್ದಲ್ಲ. ಕಂಕುಳಿನಲ್ಲಿ ಯಾವ ನಾಳ ಉಳಿದಿದೆ, ಎದೆಯ ಯಾವ ಭಾಗಕ್ಕೆ ಎಷ್ಟು ವಿಕಿರಣ ಬಿದ್ದಿದೆ ಎಂಬುದನ್ನು ಅವರು ಕಾಗದದಿಂದಲೇ ತಿಳಿಯಬೇಕು.

ಯುದ್ಧದಲ್ಲಿ ಹೋದ ಮೂಗು

ದೇಹದ ಒಂದು ಕಡೆಯ ಚರ್ಮದಿಂದ ಇನ್ನೊಂದು ಕಡೆಯನ್ನು ಕಟ್ಟುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆ ಮೂಗು ಕಟ್ಟುವ ವಿಧಾನವನ್ನು ಹೇಳುತ್ತದೆ. ಯುರೋಪಿಗೆ ಈ ವಿದ್ಯೆಯ ಸುದ್ದಿ ಮುಟ್ಟಿದ್ದರ ಹಿಂದೆ ಮೈಸೂರಿನ ಯುದ್ಧವೊಂದಿದೆ. ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೌಸಾಜಿ ಎಂಬಾತ 1792ರ ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗು ಮತ್ತು ಒಂದು ಕೈ ಕಳೆದುಕೊಂಡ. ಪುಣೆಯ ಬಳಿ ಒಬ್ಬ ದೇಶೀ ಕುಶಲಕರ್ಮಿ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝೀನ್’ ಇದನ್ನು ಚಿತ್ರಸಹಿತ ಅಚ್ಚುಹಾಕಿತು. ಇಪ್ಪತ್ತು ವರ್ಷಗಳ ನಂತರ, 1814ರಲ್ಲಿ, ಜೋಸೆಫ್ ಕಾರ್ಪ್ಯೂ ಅದೇ ವಿಧಾನವನ್ನು ಲಂಡನ್ನಿನಲ್ಲಿ ಮಾಡಿ ತೋರಿಸಿದರು.

ಆ ಮೂಗು ಬದುಕಿದ್ದಕ್ಕೆ ಕಾರಣ, ಚರ್ಮವನ್ನು ಪೂರ್ತಿ ಕತ್ತರಿಸಿರಲಿಲ್ಲ. ಹುಬ್ಬುಗಳ ನಡುವೆ ಒಂದು ತೊಟ್ಟು ಉಳಿಸಿ, ಅದರ ಮೂಲಕ ರಕ್ತ ಹರಿಯುವಂತೆ ಬಿಟ್ಟು ತಿರುಗಿಸಿದ್ದರು. ಹೀಗೆ ತೊಟ್ಟು ಉಳಿದರೆ ಹೊಸ ನಾಳ ಹುಡುಕುವ ತಾಪತ್ರಯವಿಲ್ಲ. ಆದರೆ ಆ ತೊಟ್ಟು ಎಷ್ಟು ದೂರ ಎಟಕುತ್ತದೋ ಅಷ್ಟೇ ದೂರಕ್ಕೆ ಕೆಲಸ. ಬೆನ್ನಿನ ಅಗಲ ಸ್ನಾಯುವನ್ನು ಎದೆಗೆ ತಿರುಗಿಸುವ ವಿಧಾನ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇಟಲಿಯಲ್ಲಿ ಬಂತು. ಹೊಟ್ಟೆಯ ಕೊಬ್ಬನ್ನು ಸ್ನಾಯುವಿನ ಸಮೇತ ಚರ್ಮದಡಿಯ ಸುರಂಗದಲ್ಲಿ ಎದೆಗೆ ಏರಿಸುವ ವಿಧಾನವನ್ನು 1982ರಲ್ಲಿ ಅಮೆರಿಕದ ಕಾರ್ಲ್ ಹಾರ್ಟ್ರಂಫ್ ಪ್ರಕಟಿಸಿದರು. ಹೊಟ್ಟೆಯ ಸ್ನಾಯುವೇ ಹೋಗುತ್ತಿದ್ದುದರಿಂದ ಕೆಲವರಿಗೆ ಹೊಟ್ಟೆ ಸಡಿಲವಾಗಿ ಉಬ್ಬುವ ತೊಂದರೆ ಉಳಿಯುತ್ತಿತ್ತು.

ತೊಟ್ಟನ್ನೇ ಕತ್ತರಿಸಿ ಬೇರೆಡೆ ಜೋಡಿಸಬೇಕಾದರೆ ನಾಳಕ್ಕೆ ನಾಳ ಹೊಲಿಯಲು ಬರಬೇಕು. ಅದರ ಅಡಿಪಾಯ ಹಾಕಿದವರು 1912ರಲ್ಲಿ ನೊಬೆಲ್ ಪಡೆದ ಅಲೆಕ್ಸಿಸ್ ಕ್ಯಾರೆಲ್. 1960ರಲ್ಲಿ ಅಮೆರಿಕದ ಜೂಲಿಯಸ್ ಜೇಕಬ್ಸನ್ ಸೂಕ್ಷ್ಮದರ್ಶಕದಡಿ ಮಿಲಿಮೀಟರ್ ಅಳತೆಯ ನಾಳಗಳನ್ನು ಜೋಡಿಸಿದರು. 1973ರಲ್ಲಿ ಮೆಲ್ಬರ್ನ್‌ನಲ್ಲಿ ಡೇನಿಯಲ್ ಮತ್ತು ಟೇಲರ್ ತೊಡೆಸಂದಿಯ ಚರ್ಮವನ್ನು ಬಿಡಿಸಿ ಕಾಲಿಗೆ ಜೋಡಿಸಿದರು. ಸ್ನಾಯುವನ್ನು ಅದರ ಜಾಗದಲ್ಲೇ ಬಿಟ್ಟು, ಅದರೊಳಗಿಂದ ಹಾದುಬರುವ ನಾಳವನ್ನಷ್ಟೇ ತೆಗೆದು ಹೊಟ್ಟೆಯ ಕೊಬ್ಬಿನಿಂದ ಸ್ತನ ಕಟ್ಟುವ ‘ಡೀಪ್’ ಫ್ಲ್ಯಾಪ್ ವಿಧಾನವನ್ನು 1992ರಲ್ಲಿ ರಾಬರ್ಟ್ ಅಲೆನ್ ನ್ಯೂ ಆರ್ಲಿಯನ್ಸ್‌ನಲ್ಲಿ ಆರಂಭಿಸಿದರು. ಇಂದು ಮೈಕ್ರೋಸರ್ಜರಿ ಬಲ್ಲ ಕೇಂದ್ರಗಳ ಮೊದಲ ಆಯ್ಕೆ ಸಾಮಾನ್ಯವಾಗಿ ಇದೇ.

ಎದೆಮೂಳೆಯ ಬದಿಯ ಜೋಡಿ

ತುಂಡು ಎದೆಗೆ ಬಂತು. ಈಗ ಅದನ್ನು ಯಾವುದಕ್ಕೆ ಜೋಡಿಸಬೇಕು? ಬಹುತೇಕ ಸರ್ಜನ್‌ಗಳು ಇಂದು ಮೊದಲು ನೋಡುವುದು ಇಂಟರ್ನಲ್ ಮ್ಯಾಮರಿ ಎಂಬ ನಾಳಗಳ ಜೋಡಿಯನ್ನು. ಕುತ್ತಿಗೆಯ ಬುಡದಲ್ಲಿ ತೋಳಿಗೆ ಹೋಗುವ ದೊಡ್ಡ ಅಪಧಮನಿಯಿಂದ ಹೊರಟು, ಎದೆಮೂಳೆಯ ಅಂಚಿನಿಂದ ಒಂದೆರಡು ಸೆಂಟಿಮೀಟರ್ ಆಚೆ, ಪಕ್ಕೆಲುಬುಗಳ ಮೃದ್ವಸ್ಥಿಯ ಹಿಂಬದಿಯಲ್ಲಿ ಈ ನಾಳ ನೇರವಾಗಿ ಕೆಳಗಿಳಿಯುತ್ತದೆ. ಎರಡೂ ಬದಿಯಲ್ಲಿ ಒಂದೊಂದಿದೆ. ಕೆಳಗೆ ಇದರ ಒಂದು ಕವಲು ಹೊಟ್ಟೆಯ ಸ್ನಾಯುವಿನೊಳಗೆ ಇಳಿದು, ತೊಡೆಸಂದಿಯ ಕಡೆಯಿಂದ ಏರಿಬರುವ ನಾಳದ ಸಣ್ಣ ಕವಲುಗಳನ್ನು ಕೂಡಿಕೊಳ್ಳುತ್ತದೆ. ಹೊಟ್ಟೆಯಿಂದ ಬಿಡಿಸಿ ತರುವುದು ಆ ಏರಿಬರುವ ನಾಳವನ್ನೇ. ಎರಡರ ದಪ್ಪವೂ ಹೆಚ್ಚುಕಡಿಮೆ ಸಮ. ಬಾಯಿಗೆ ಬಾಯಿ ಕೂಡಿಸಿ ಹೊಲಿಯುವವರಿಗೆ ಇದು ದೊಡ್ಡ ಅನುಕೂಲ.

ಇನ್ನೂ ಎರಡು ಅನುಕೂಲಗಳಿವೆ. ಇದರಲ್ಲಿ ರಕ್ತದ ಹರಿವು ಜೋರು. ಜಾಗವೂ ಎದೆಯ ನಡುವಿಗೆ ಹತ್ತಿರವಾದ್ದರಿಂದ ಹೊಸ ಸ್ತನವನ್ನು ಇರಬೇಕಾದ ಕಡೆಯೇ ಕೂರಿಸಬಹುದು. ಎರಡು ಸ್ತನಗಳ ನಡುವಿನ ಒಳಬದಿಯ ತುಂಬು ಸಹಜವಾಗಿ ಬರುತ್ತದೆ. ಹೊಲಿಯುವವರು ಮೇಜಿನ ಎರಡು ಬದಿಗೆ ಎದುರುಬದುರಾಗಿ ಕೂತು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಆರಾಮವಾಗಿ ಕೆಲಸ ಮಾಡಬಹುದು. ಗಂಟೆಗಟ್ಟಲೆ ನಡೆಯುವ ಕೆಲಸದಲ್ಲಿ ಇದು ಸಣ್ಣ ಮಾತಲ್ಲ.

ತೊಡಕು ಅಲ್ಲಿಗೆ ತಲುಪುವುದರಲ್ಲಿದೆ. ರೂಢಿಯ ವಿಧಾನದಲ್ಲಿ ಮೂರನೆಯ ಪಕ್ಕೆಲುಬಿನ ಮೃದ್ವಸ್ಥಿಯ ಎರಡು, ಮೂರು ಸೆಂಟಿಮೀಟರ್ ತುಂಡನ್ನು ತೆಗೆಯಬೇಕು. ನಾಳದ ಬೆನ್ನಿಗೇ ಶ್ವಾಸಕೋಶದ ತೆಳುಪೊರೆ ಇದೆ. ಅದು ಹರಿದರೆ ಎದೆಗೂಡಿನೊಳಗೆ ಗಾಳಿ ಸೇರುತ್ತದೆ. ಉಸಿರಾಟದೊಂದಿಗೆ ಇಡೀ ಜಾಗ ಏರುತ್ತದೆ, ಇಳಿಯುತ್ತದೆ. ಆದ್ದರಿಂದ ಹೊಲಿಗೆಯ ಹೊತ್ತಿಗೆ ಅರಿವಳಿಕೆ ವೈದ್ಯರು ಉಸಿರಿನ ಪ್ರಮಾಣವನ್ನು ತಗ್ಗಿಸಿಕೊಡುತ್ತಾರೆ. ಮೃದ್ವಸ್ಥಿ ತೆಗೆದ ಕಡೆ ಕೆಲವರಿಗೆ ನೋವು, ಸಣ್ಣ ತಗ್ಗು ಉಳಿಯಬಹುದು. ಎರಡು ಪಕ್ಕೆಲುಬುಗಳ ನಡುವಿನ ಸಂದು ಸಾಕಷ್ಟು ಅಗಲವಿದ್ದರೆ ಮೂಳೆ ಮುಟ್ಟದೆ ಸಂದಿನಲ್ಲೇ ನಾಳ ಹಿಡಿಯುವ ವಿಧಾನ ಅದಕ್ಕಾಗಿಯೇ ಬಂದದ್ದು. ಎರಡನೆಯ ಸಂದು ಸಾಮಾನ್ಯವಾಗಿ ಅಗಲವಾಗಿರುತ್ತದೆ, ಕೆಳಗಿಳಿದಂತೆ ಸಂದುಗಳು ಕಿರಿದಾಗುತ್ತವೆ.

ಈ ದಾರಿಯಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ನಾಳದ ಪಕ್ಕದಲ್ಲೇ ದುಗ್ಧಗ್ರಂಥಿಗಳಿವೆ. ಕೈಗೆ ಸಿಕ್ಕ ಗ್ರಂಥಿಯನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕೆಲವೊಮ್ಮೆ ಅದರಲ್ಲಿ ಯಾರೂ ಊಹಿಸಿರದ ಕ್ಯಾನ್ಸರ್ ಕಣ ಸಿಕ್ಕಿ, ಮುಂದಿನ ಚಿಕಿತ್ಸೆಯ ಲೆಕ್ಕವೇ ಬದಲಾಗುತ್ತದೆ.

ಕಂಕುಳಿನ ದಾರಿ

ಎರಡನೆಯ ಆಯ್ಕೆ ಕಂಕುಳಿನಲ್ಲಿದೆ. ಬೆನ್ನಿನ ಅಗಲ ಸ್ನಾಯುವಿಗೆ ರಕ್ತ ಕೊಡುವ ಥೊರಾಕೋಡಾರ್ಸಲ್ ಎಂಬ ನಾಳ ಅದು. ಆರಂಭದ ದಶಕಗಳಲ್ಲಿ ಇದನ್ನೇ ಹೆಚ್ಚಾಗಿ ಬಳಸುತ್ತಿದ್ದರು. ಕಾರಣ ಸರಳ: ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಯುವ ಆಪರೇಷನ್‌ನಲ್ಲಿ ಈ ನಾಳ ಹೇಗೂ ತೆರೆದುಕೊಂಡಿರುತ್ತಿತ್ತು. ಪಕ್ಕೆಲುಬು ಮುಟ್ಟುವ ಅಗತ್ಯವೂ ಇರಲಿಲ್ಲ.

ಈಗ ಆ ಅನುಕೂಲ ಕಡಿಮೆಯಾಗಿದೆ. ರೋಗ ಬೇಗ ಪತ್ತೆಯಾದವರಲ್ಲಿ ಒಂದೆರಡು ಕಾವಲು ಗ್ರಂಥಿಗಳನ್ನಷ್ಟೇ ತೆಗೆದು ನೋಡುತ್ತಾರೆ. ಅಂಥವರಲ್ಲಿ ನಾಳಕ್ಕೋಸ್ಕರ ಕಂಕುಳನ್ನು ಪೂರ್ತಿ ಬಿಡಿಸಿದರೆ ತೋಳಿನ ಬಾವಿಗೆ ಆಹ್ವಾನ ಕೊಟ್ಟಂತೆ. ಗ್ರಂಥಿಗಳನ್ನೆಲ್ಲ ತೆಗೆಸಿಕೊಂಡು ವರ್ಷ ಕಳೆದು ಬಂದವರಲ್ಲಿ ಕಂಕುಳಿನೊಳಗೆ ಗಾಯ ಕಲ್ಲಿನಂತೆ ಬಿಗಿದಿರುತ್ತದೆ. ನಾಳ ಉಳಿದಿದೆಯೋ, ಹಿಂದಿನ ಆಪರೇಷನ್‌ನಲ್ಲಿ ಕಟ್ಟಿಹಾಕಿದ್ದಾರೋ ಎಂಬುದು ತೆರೆದ ಮೇಲಷ್ಟೇ ತಿಳಿಯಬಹುದು. ಜೊತೆಗೆ, ತುಂಡನ್ನು ಕಂಕುಳಿನ ಕಡೆಗೆ ಎಳೆದುಕೊಳ್ಳಬೇಕಾದ್ದರಿಂದ ಸ್ತನ ಹೊರಬದಿಗೆ ಸರಿದು ಕೂರುವ ಅಪಾಯವಿದೆ.

ಕಂಕುಳಿನ ನಾಳವನ್ನು ಮುಟ್ಟಲು ಸರ್ಜನ್‌ಗಳು ಹಿಂಜರಿಯುವುದಕ್ಕೆ ಇನ್ನೊಂದು ಒಳ್ಳೆಯ ಕಾರಣವಿದೆ. ಹೊಟ್ಟೆಯ ತುಂಡು ಒಂದು ವೇಳೆ ಸತ್ತರೆ ಆಪತ್ತಿಗೆ ಒದಗುವುದು ಬೆನ್ನಿನ ಸ್ನಾಯು. ಅದರ ರಕ್ತದ ಮೂಲವನ್ನೇ ಮೊದಲ ಸಲ ಬಳಸಿಬಿಟ್ಟರೆ ಕೊನೆಯ ಆಸರೆಯೂ ಕೈತಪ್ಪಬಹುದು. ಹಾಗೆಂದು ಈ ದಾರಿ ಕೆಟ್ಟದ್ದೆಂದಲ್ಲ. ಕಂಕುಳು ಅದೇ ದಿನ ತೆರೆದಿದ್ದು, ನಾಳ ಚೆನ್ನಾಗಿ ಮಿಡಿಯುತ್ತಿದ್ದರೆ ಅದನ್ನೇ ಬಳಸುವ ಅನುಭವಿಗಳು ಇಂದಿಗೂ ಇದ್ದಾರೆ. ತುಂಡು ಬದುಕಿ ಉಳಿಯುವ ವಿಷಯದಲ್ಲಿ ಎರಡು ದಾರಿಗಳ ನಡುವೆ ದೊಡ್ಡ ಅಂತರ ಕಂಡುಬಂದಿಲ್ಲ.

ಕರೆಂಟ್ ಕೊಟ್ಟ ಎದೆ

ವಿಕಿರಣ ಕ್ಯಾನ್ಸರ್ ಕಣಗಳನ್ನು ಕೊಲ್ಲುತ್ತದೆ. ಅದರ ಜೊತೆಗೆ ಅದು ಹಾದುಹೋದ ಜಾಗದ ಚರ್ಮ, ಸ್ನಾಯು, ನಾಳಗಳನ್ನೂ ಗಡುಸು ಮಾಡುತ್ತದೆ. ಅಪಧಮನಿಯ ಒಳಪದರ ಸೂಜಿ ತಾಗಿದರೆ ಕಳಚಿಕೊಳ್ಳುವಷ್ಟು ನಾಜೂಕಾಗುತ್ತದೆ. ಕಳಚಿದ ಪದರದ ಅಂಚಿನಲ್ಲಿ ರಕ್ತ ಹೆಪ್ಪುಗಟ್ಟಲು ಕ್ಷಣ ಸಾಕು. ಅಭಿಧಮನಿ ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಂಡು, ಬಿಡಿಸುವಾಗಲೇ ಹರಿಯಬಹುದು. ಇಂಥ ಕಡೆ ನಾಳವನ್ನು ಕತ್ತರಿಸಿ, ಒಳಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕ್ಲಿಪ್ ಸಡಿಲಿಸಿದಾಗ ರಕ್ತ ಚಿಮ್ಮುವ ರಭಸವನ್ನೂ ಗಮನಿಸುತ್ತಾರೆ. ರಭಸ ಸಾಲದು ಎನಿಸಿದರೆ ಆರೋಗ್ಯವಾದ ಭಾಗ ಸಿಗುವವರೆಗೆ ಒಂದು ಪಕ್ಕೆಲುಬು ಮೇಲಕ್ಕೆ ಏರುತ್ತಾರೆ.

ಸ್ತನ ತೆಗೆಯುವ ದಿನವೇ ಹೊಸದನ್ನು ಕಟ್ಟಬೇಕೋ, ಕರೆಂಟ್ ಮುಗಿದು ಆರು ತಿಂಗಳು, ವರ್ಷ ಕಾಯಬೇಕೋ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಅದೇ ದಿನ ಕಟ್ಟಿದರೆ ನಾಳಗಳು ಇನ್ನೂ ಮೃದುವಾಗಿರುತ್ತವೆ, ಆದರೆ ಮುಂದೆ ಬೀಳುವ ವಿಕಿರಣಕ್ಕೆ ಹೊಸ ಸ್ತನ ಕುಗ್ಗಿ ಗಟ್ಟಿಯಾಗಬಹುದು. ಕಾದರೆ ಹೊಸ ಸ್ತನಕ್ಕೆ ವಿಕಿರಣದ ಕಾಟವಿಲ್ಲ, ಆದರೆ ನಾಳ ಹುಡುಕುವ ಕೆಲಸ ಕಷ್ಟ. ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ಸರಿಯಲ್ಲ. ಆದ್ದರಿಂದಲೇ ಕ್ಯಾನ್ಸರ್ ಸರ್ಜನ್, ಪ್ಲಾಸ್ಟಿಕ್ ಸರ್ಜನ್, ವಿಕಿರಣ ತಜ್ಞರು ಮೊದಲ ಆಪರೇಷನ್‌ಗೂ ಮುಂಚೆ ಒಟ್ಟಿಗೆ ಕೂತು ಮಾತಾಡಬೇಕು. ನಮ್ಮ ಆಸ್ಪತ್ರೆಗಳಲ್ಲಿ ಇದು ಇನ್ನೂ ಹೆಚ್ಚಾಗಿ ನಡೆಯಬೇಕಾದ ಕೆಲಸ.

ಎಡಗಡೆಗೆ ಹೆಚ್ಚು ಯೋಚನೆ

ಎಡಬದಿಯ ಇಂಟರ್ನಲ್ ಮ್ಯಾಮರಿ ಅಪಧಮನಿಗೆ ಇನ್ನೊಬ್ಬ ಹಕ್ಕುದಾರರಿದ್ದಾರೆ. ಹೃದಯದ ಬೈಪಾಸ್ ಮಾಡುವಾಗ, ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ಮುಖ್ಯ ನಾಳಕ್ಕೆ ಜೋಡಿಸಲು ಹೃದಯ ಸರ್ಜನ್‌ಗಳು ಮೊದಲು ಬಯಸುವುದು ಇದನ್ನೇ. ಕೊಬ್ಬು ಕಟ್ಟಿಕೊಳ್ಳುವುದು ಈ ನಾಳದಲ್ಲಿ ಬಹಳ ಕಡಿಮೆ, ಜೋಡಿಸಿದ್ದು ದಶಕಗಟ್ಟಲೆ ತೆರೆದಿರುತ್ತದೆ. ಹಿಂದೆ ಬೈಪಾಸ್ ಆಗಿದ್ದರೆ ಆ ನಾಳ ಸ್ತನಕ್ಕೆ ಸಿಗುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ, ಎದೆನೋವು ಇರುವವರಲ್ಲಿ ಮುಂದೆ ಬೈಪಾಸ್ ಬೇಕಾಗಬಹುದೇ ಎಂದು ಯೋಚಿಸಿಯೇ ಕೈಹಾಕಬೇಕು.

ಎಡಗಡೆಯ ಅಭಿಧಮನಿಯೂ ಸಾಮಾನ್ಯವಾಗಿ ಬಲಗಡೆಯದಕ್ಕಿಂತ ಸಣ್ಣದು. ಕೆಳಗಿನ ಸಂದುಗಳಲ್ಲಿ ಅದು ಎರಡಾಗಿ ಒಡೆದು ಇನ್ನೂ ತೆಳ್ಳಗಾಗುತ್ತದೆ. ಹಾಗಾಗಿ ಎಡಗಡೆಯ ಸ್ತನ ಕಟ್ಟುವವರು ಮೇಲಿನ ಸಂದುಗಳತ್ತ ಹೋಗುವುದುಂಟು.

ದೊಡ್ಡ ನಾಳವನ್ನು ಮುಟ್ಟದೆಯೇ ಕೆಲಸ ಆಗುವ ಸಂದರ್ಭವೂ ಇದೆ. ಇಂಟರ್ನಲ್ ಮ್ಯಾಮರಿಯಿಂದ ಸಣ್ಣ ಕವಲುಗಳು ಪಕ್ಕೆಲುಬಿನ ಸಂದಿನಿಂದ ಹೊರಬಂದು ಸ್ತನಕ್ಕೆ ರಕ್ತ ಕೊಡುತ್ತಿರುತ್ತವೆ. ಸ್ತನ ತೆಗೆಯುವಾಗ ಇಂಥ ಒಂದು ದಪ್ಪ ಕವಲನ್ನು ಜೋಪಾನವಾಗಿ ಉಳಿಸಿಕೊಟ್ಟರೆ, ಹೊಸ ತುಂಡನ್ನು ಅದಕ್ಕೇ ಜೋಡಿಸಬಹುದು. ಪಕ್ಕೆಲುಬು ಉಳಿಯಿತು, ಹೃದಯದ ಪಾಲಿನ ನಾಳವೂ ಉಳಿಯಿತು. ಇದು ಕ್ಯಾನ್ಸರ್ ಸರ್ಜನ್‌ರ ಕೈಯಲ್ಲಿದೆ. ಅವರು ಕಾವು ಕೊಟ್ಟು ಸುಟ್ಟು ಮುಚ್ಚಿಬಿಟ್ಟರೆ ಆ ದಾರಿ ಮುಗಿಯಿತು.

ರಕ್ತ ಹೊರಹೋಗುವ ದಾರಿ

ಅಪಧಮನಿಯ ಬಗ್ಗೆ ಎಷ್ಟು ಮಾತಾಡಿದರೂ, ಜೋಡಣೆ ಕೆಡುವುದು ಹೆಚ್ಚಾಗಿ ಅಭಿಧಮನಿಯಲ್ಲಿ. ಗದ್ದೆಗೆ ನೀರು ತರುವ ಕಾಲುವೆ ಇದ್ದು ಬಸಿಗಾಲುವೆ ಕಟ್ಟಿಕೊಂಡರೆ ಪೈರು ಕೊಳೆಯುವ ಹಾಗೆ, ಒಳಬಂದ ರಕ್ತ ಹೊರಹೋಗದಿದ್ದರೆ ತುಂಡು ನೀಲಿಗಟ್ಟಿ ಊದಿ ಸಾಯುತ್ತದೆ. ಅಭಿಧಮನಿಯ ಗೋಡೆ ತೆಳು, ಒಳಗಿನ ಒತ್ತಡ ಕಡಿಮೆ, ತಿರುಚಿಕೊಂಡರೂ ಮಡಚಿಕೊಂಡರೂ ಮುಚ್ಚಿಹೋಗುತ್ತದೆ.

ಎದೆಯ ಅಭಿಧಮನಿ ಸಾಲದಿದ್ದಾಗ ಬೇರೆ ದಾರಿಗಳನ್ನು ಯೋಚಿಸಿಟ್ಟಿರುತ್ತಾರೆ. ಕತ್ತರಿಸಿದ ಇಂಟರ್ನಲ್ ಮ್ಯಾಮರಿಯ ಕೆಳತುದಿಗೆ ಎರಡನೆಯ ಅಭಿಧಮನಿಯನ್ನು ಜೋಡಿಸಬಹುದು. ಅಲ್ಲಿ ರಕ್ತ ಹಿಮ್ಮುಖವಾಗಿ ಹರಿದರೂ ಕೆಲಸ ನಡೆಯುತ್ತದೆ. ತೋಳಿನ ಮೇಲ್ಭಾಗದ ಸೆಫಾಲಿಕ್ ಅಭಿಧಮನಿಯನ್ನು ಬಿಡಿಸಿ, ಭುಜದ ಬಳಿ ತಿರುಗಿಸಿ ಎದೆಗೆ ಇಳಿಸಬಹುದು. ಇನ್ನೊಂದು ಬದಿಯ ಎದೆಮೂಳೆಯ ನಾಳಕ್ಕೂ ಹೋಗಬಹುದು. ಇವೆಲ್ಲ ಆಪತ್ತಿನ ದಾರಿಗಳು.

ಜೋಡಿಸಿದ ಮೇಲೆ

ಅಪಧಮನಿಯನ್ನು ಹೊಲಿಯುವ ನೈಲಾನ್ ದಾರದ ದಪ್ಪ ಮಿಲಿಮೀಟರಿನ ಇಪ್ಪತ್ತೈದನೆಯ ಒಂದು ಭಾಗದ ಆಸುಪಾಸು, ತಲೆಗೂದಲಿಗಿಂತ ಸಣ್ಣದು. ಅಭಿಧಮನಿಗೆ ಹಲವು ಕಡೆ ಕಪ್ಲರ್ ಎಂಬ ಪುಟ್ಟ ಜೋಡಿ ಉಂಗುರ ಬಳಸುತ್ತಾರೆ. ಎರಡು ತುದಿಗಳನ್ನು ಉಂಗುರದ ಮುಳ್ಳುಗಳಿಗೆ ಸಿಕ್ಕಿಸಿ ಒತ್ತಿದರೆ ಕೂಡಿಕೊಳ್ಳುತ್ತವೆ.

ಮೊದಲ 48 ಗಂಟೆ ನಿರ್ಣಾಯಕ. ಹೆಪ್ಪು ಕಟ್ಟುವುದಿದ್ದರೆ ಹೆಚ್ಚಾಗಿ ಆ ಅವಧಿಯಲ್ಲೇ. ಮೊದಲ ದಿನ ಗಂಟೆಗೊಮ್ಮೆ ನರ್ಸ್ ಹೊಸ ಸ್ತನದ ಬಣ್ಣ, ಬಿಸಿ ನೋಡುತ್ತಾರೆ, ಬೆರಳಿಂದ ಒತ್ತಿ ಬಿಟ್ಟಾಗ ರಕ್ತ ಮರಳುವ ಹೊತ್ತು ಗಮನಿಸುತ್ತಾರೆ, ಡಾಪ್ಲರ್ ಹಿಡಿದು ಮಿಡಿತದ ಸದ್ದು ಕೇಳುತ್ತಾರೆ. ಬಿಳಚಿ ತಣ್ಣಗಾದರೆ ರಕ್ತ ಬರುತ್ತಿಲ್ಲ. ನೇರಳೆಗೆ ತಿರುಗಿ ಬಿಗಿದರೆ ರಕ್ತ ಹೋಗುತ್ತಿಲ್ಲ. ತಡಮಾಡದೆ ಮತ್ತೆ ಥಿಯೇಟರಿಗೆ ಒಯ್ದು ಜೋಡಣೆ ಬಿಚ್ಚಿ ಸರಿಪಡಿಸಿದರೆ ಎಷ್ಟೋ ತುಂಡುಗಳು ಉಳಿಯುತ್ತವೆ. ಅನುಭವಿ ಕೇಂದ್ರಗಳಲ್ಲಿ ತುಂಡು ಪೂರ್ತಿ ಸಾಯುವುದು ನೂರರಲ್ಲಿ ಕೆಲವರಿಗಷ್ಟೇ. ರಾತ್ರಿ ಎರಡು ಗಂಟೆಗೆ ಬಣ್ಣದ ಬದಲಾವಣೆ ಗುರುತಿಸಬಲ್ಲ ನರ್ಸ್ ಇಲ್ಲದ ಕಡೆ ಈ ಆಪರೇಷನ್ ಮಾಡಬಾರದು.

ಹೊಗೆಸೊಪ್ಪಿನ ಸೀಮೆಯಲ್ಲಿ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳು ಹೊಗೆಸೊಪ್ಪು ಬೆಳೆಯುವ ನೆಲ. ಬೀಡಿ, ಸಿಗರೇಟು ಮುಟ್ಟದ ಹೆಂಗಸರಲ್ಲೂ ಎಲೆಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕಿಕೊಳ್ಳುವವರಿದ್ದಾರೆ. ನಿಕೋಟಿನ್ ಯಾವ ದಾರಿಯಲ್ಲಿ ದೇಹ ಸೇರಿದರೂ ಸಣ್ಣ ನಾಳಗಳನ್ನು ಬಿಗಿಹಿಡಿಯುತ್ತದೆ. ಹಸಿ ಎಲೆ ಮುರಿಯುವ, ಕಟ್ಟುವ ಕೆಲಸದಲ್ಲಿ ಒದ್ದೆ ಎಲೆಯಿಂದ ಚರ್ಮದ ಮೂಲಕವೂ ಅದು ಒಳಸೇರುತ್ತದೆ. ಹೊಲಿದ ದೊಡ್ಡ ನಾಳಕ್ಕಿಂತ ಹೆಚ್ಚಾಗಿ ಎದೆಯ ಉಳಿದ ಚರ್ಮದ ಅಂಚು ಮತ್ತು ಹೊಟ್ಟೆಯ ಗಾಯ ಇದರಿಂದ ಕೆಡುತ್ತವೆ. ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮೊದಲು ಬಿಡಬೇಕೆಂದು ಸರ್ಜನ್‌ಗಳು ಹೇಳುವುದು ಇದಕ್ಕೇ. ‘ಸಿಗರೇಟ್ ಸೇದುತ್ತೀರಾ’ ಎಂದಷ್ಟೇ ಕೇಳಿದರೆ ಈ ಸೀಮೆಯ ಹೆಂಗಸರಿಂದ ನಿಜವಾದ ಉತ್ತರ ಸಿಗುವುದಿಲ್ಲ, ಎಲೆಅಡಿಕೆಯ ಬಗ್ಗೆಯೂ ಹೊಲದ ಕೆಲಸದ ಬಗ್ಗೆಯೂ ಕೇಳಬೇಕು.

ಫೈಲಿನಲ್ಲಿ ಇರಬೇಕಾದದ್ದು

ಸಂತಾನಹರಣ ಅಥವಾ ಸಿಸೇರಿಯನ್ ಆಗಿದ್ದರೆ ಹೊಟ್ಟೆಯ ತುಂಡು ಸಿಗುವುದಿಲ್ಲ ಎಂಬ ಭಯ ಬೇಡ. ಅಂಥ ಗಾಯದ ಗುರುತಿದ್ದರೂ ಸಾಮಾನ್ಯವಾಗಿ ಸಾಧ್ಯವಿದೆ. ಸಿಟಿ ಆಂಜಿಯೋಗ್ರಾಂ ಮಾಡಿ ಹೊಟ್ಟೆಯ ನಾಳಗಳ ನಕ್ಷೆ ತೆಗೆಯುತ್ತಾರೆ. ಬೇಕಾದರೆ ಅದೇ ಸಲ ಎದೆಯ ನಾಳಗಳನ್ನೂ ನೋಡಿಕೊಳ್ಳಬಹುದು.

ಕಾಗದಗಳ ವಿಷಯದಲ್ಲಿ ಮಾತ್ರ ಸಡಿಲ ಬಿಡಬಾರದು. ಡಿಸ್ಚಾರ್ಜ್ ಚೀಟಿಯಲ್ಲಿ ‘ಸ್ತನ ತೆಗೆಯಲಾಗಿದೆ’ ಎಂಬ ಒಂದು ಸಾಲು ಇದ್ದರೆ ಸಾಲದು. ಆಪರೇಷನ್ ನೋಟ್ಸ್‌ನ ಪ್ರತಿ ಬೇಕು: ಕಂಕುಳಿನ ಗ್ರಂಥಿಗಳನ್ನು ಎಷ್ಟು ತೆಗೆದರು, ಥೊರಾಕೋಡಾರ್ಸಲ್ ನಾಳ ಉಳಿದಿದೆಯೇ ಎಂಬುದು ಅದರಲ್ಲಿರುತ್ತದೆ. ವಿಕಿರಣ ವಿಭಾಗದಿಂದ ಎಷ್ಟು ಡೋಸ್, ಎಷ್ಟು ದಿನ, ಎದೆಮೂಳೆಯ ಪಕ್ಕದ ಗ್ರಂಥಿಗಳನ್ನೂ ಸೇರಿಸಿದ್ದರೇ ಎಂಬ ವಿವರದ ಚೀಟಿ ಪಡೆಯಬೇಕು. ಕೀಮೋಗಾಗಿ ಎದೆಯಲ್ಲಿ ಪೋರ್ಟ್ ಇಟ್ಟಿದ್ದರೆ ಯಾವ ಬದಿ ಎಂಬುದು, ಹೃದಯದ ಇಸಿಜಿ, ಎಕೋ ವರದಿಗಳು, ಸೇವಿಸುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡ್ ಇರುವವರು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, ಸ್ತನ ತೆಗೆಯುವುದರ ಜೊತೆಗೆ ಮರುನಿರ್ಮಾಣಕ್ಕೆ ಯಾವ ಪ್ಯಾಕೇಜ್ ಅನ್ವಯವಾಗುತ್ತದೆ ಎಂದು ಮೊದಲ ಆಪರೇಷನ್‌ಗೆ ದಾಖಲಾಗುವ ಮುಂಚೆಯೇ ವಿಚಾರಿಸಬೇಕು. ಎರಡನ್ನೂ ಒಂದೇ ದಿನ ಮಾಡುವ ಯೋಚನೆಯಿದ್ದರೆ ಎರಡಕ್ಕೂ ಆಗಲೇ ಒಪ್ಪಿಗೆ ಪಡೆಯಬೇಕಾಗುತ್ತದೆ.